ಬೀರವ್ವ ತೋರಿಸಿದ ಕರಿ ಚಿಗರಿ

ಜತ್ತ ತಾಲೂಕಿನ ದರಿಬಡಚಿಯ ಬೀರವ್ವನಿಗೆ ಮನೆಯ ಕುರಿಗಳಿಗಿಂತ ಹುಲ್ಲುಮಾಳದ ಚಿಗರಿಗಳ, ಅಂದರೆ ಕೃಷ್ಣಮೃಗಗಳ, ಗುರುತೇ ಹೆಚ್ಚು ಎಂದು ಅವಳ ಮೈದುನ ತುಕಾರಾಮ ಹಂಗಿಸುತ್ತಿದ್ದ. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಮುಚ್ಚಂಡಿಯಿಂದ ಮದುವೆಯಾಗಿ ಬಂದಮೇಲೆ ಮೂವತ್ತು ವರ್ಷ ಅವಳು ಆ ಮಾಳ ಸುತ್ತಿದ್ದಳು. ಗಂಡನ ಮೊಣಕಾಲು ಕೈಕೊಟ್ಟ ಮೇಲಂತೂ ಎರಡು ಮನೆಯ ಎಂಬತ್ತು ಕುರಿಗಳ ಮುಂದೆ ನಡೆಯುವವಳು ಅವಳೇ. ಮುಂದೆ ನಡೆಯುವವರು ಇವತ್ತು ಯಾವ ದಿಕ್ಕು, ಎಲ್ಲಿ ನೀರು, ಎಲ್ಲಿ ನೆರಳು ಎಂಬುದನ್ನು ತೀರ್ಮಾನಿಸುತ್ತಾರೆ. ಹಿಂದೆ ನಡೆಯುವವರು ಧೂಳು ಕುಡಿಯುತ್ತಾರೆ. ತುಕಾರಾಮ ಎಂಟು ವರ್ಷದಿಂದ ಧೂಳು ಕುಡಿಯುತ್ತಿದ್ದ.

ಒಂದು ಸಂಜೆ ಚಹಾದಂಗಡಿಯ ಮುಂದೆ ಬೀರವ್ವ ಬಾಯಿಬಿಟ್ಟಳು. ಮಾಳದಲ್ಲಿ ಒಂದು ಕರಿ ಗಂಡು ಚಿಗರಿ ಇದೆ, ಅದರ ಕೊಂಬು ಪೂರಾ ನಾಲ್ಕು ಸುತ್ತು ತಿರುಚಿಕೊಂಡಿದೆ ಎಂದಳು.

"ನಾಕ ಸುತ್ತ?" ತುಕಾರಾಮ ಅತ್ತಿಗೆಯನ್ನು ನೋಡಿ ನಕ್ಕ. "ವೈನಿ, ಸುತ್ತ ಅದರ ಕೊಂಬಿನಾಗ ಅದಾವೋ, ನಿನ್ನ ಮಾತಿನಾಗ ಅದಾವೋ?"

"ತೋರಸ್ತೀನಿ, ಬಾ."

"ನನಗಲ್ಲ. ಮಿರಜದ ದತ್ತಾ ಬರಾಂವ ಅದಾನ, ಕ್ಯಾಮೆರಾದಾಂವ. ಅವನ ಫೋಟೋದಾಗ ಬರಬೇಕು. ಬಂದ್ರ ನಾ ಸಾಯೂತನಕ ಹಿಂದ ನಡೀತೀನಿ. ಬರಲಿಲ್ಲಂದ್ರ ನಾ ಮುಂದ, ನೀ ಹಿಂದ."

ಬೀರವ್ವ ಹೂಂ ಎಂದುಬಿಟ್ಟಳು. ಮನೆಗೆ ಬಂದಮೇಲೆ ತುಕಾರಾಮನ ಹಿಂದೆ ನಡೆಯುವುದನ್ನು ನೆನೆದೇ ಅವಳಿಗೆ ಕೆಮ್ಮು ಬಂತು.

ದತ್ತಾ ಮೂರು ದಿನದ ರಜೆ ಹಾಕಿ ಬಂದ. ತಾನು ದೊಡ್ಡ ಕೊಂಬಿನ ಬೇಟೆಗಾರ ಎಂದು ತಮಾಷೆ ಮಾಡಿದ.

"ಚೀಲದಾಗ ಬಂದೂಕ ಐತೇನ್ರಿ?" ಬೀರವ್ವ ಕೇಳಿದಳು. "ಇದ್ರ ಬಂದ ಬಸ್ಸಿಗೇ ಹೊಳ್ಳಿ ಹೋಗ್ರಿ."

ಅವನು ಚೀಲ ಬಿಚ್ಚಿ ಕ್ಯಾಮೆರಾ ತೋರಿಸಿದ ಮೇಲೆಯೇ ಅವಳು ಗುಟ್ಟು ಹೇಳಿದ್ದು.

"ಹೆಣ್ಣಿನ ಗುಂಪಿನ ಹಿಂದ ತಿರಗಬ್ಯಾಡ್ರಿ. ದೊಡ್ಡ ಗಂಡ ತನ್ನ ಜಾಗಾ ಬಿಡೂದಿಲ್ಲ. ದಿನಾ ಒಂದ ಕಡೆನ ಹಿಕ್ಕಿ ಹಾಕತೈತಿ. ಆ ರಾಶಿ ಹುಡಕ್ರಿ. ಮ್ಯಾಲಿನ ಹಿಕ್ಕಿ ಹಸಿ ಇದ್ರ ಯಜಮಾನ ಮನ್ಯಾಗ ಅದಾನ ಅಂತ ತಿಳ್ಕೋರಿ."

ಮರುದಿನ ಬೆಳಿಗ್ಗೆ ಬೀರವ್ವ ತಲೆಗೆ ಎಣ್ಣೆ ಹಚ್ಚಿ, ಮಡಚಿಟ್ಟಿದ್ದ ಕೆಂಪು ಇಳಕಲ್ಲ ಸೀರೆ ಉಟ್ಟಳು. ಫೋಟೋದವರ ಜೊತೆ ಹೋಗುವಾಗ ಹರಕು ಕಂಬಳಿ ಹೊದೆಯುವುದೇ? ಕುರಿಗಳನ್ನೂ ತುಕಾರಾಮನಿಗೆ ಬಿಟ್ಟಳು. ಹಿಕ್ಕೆ ರಾಶಿ ಹೇಳಿದಲ್ಲೇ ಇತ್ತು, ಹಸಿಯಾಗಿಯೂ ಇತ್ತು. ಆದರೆ ದೂರದಲ್ಲಿ ಕಂಡ ಕರಿ ಚಿಗರಿ ತಲೆ ಎತ್ತಿದ್ದೇ ತಡ, ಚಂಗನೆ ನೆಗೆದು ಮಾಯವಾಯಿತು. ಫೋಟೋದಲ್ಲಿ ಬಂದದ್ದು ಬಾಲ ಮಾತ್ರ. ಎರಡನೆಯ ದಿನ ಅದೂ ಬರಲಿಲ್ಲ.

"ಬಾಲಕ್ಕ ಎಷ್ಟ ಸುತ್ತ ಇದ್ದೂ ವೈನಿ?" ಸಂಜೆ ತುಕಾರಾಮ ಕಟ್ಟೆಯ ಮೇಲೆ ಕಾಲು ಚಾಚಿ ಕೇಳಿದ.

"ನನ್ನ ಕಂಡ್ರ ಎಂದೂ ಓಡಿದ್ದಲ್ಲ ಅದು!"

"ಈ ಸೀರಿ ನೋಡಿ ನಮ್ಮ ನಾಯಿನ ಬೊಗಳ್ತು. ಚಿಗರಿ ಪಾಪ ಏನ ಮಾಡೀತು?"

ಬೀರವ್ವ ತನ್ನ ಸೀರೆಯನ್ನೊಮ್ಮೆ ನೋಡಿಕೊಂಡಳು. ಒಳಗೆ ಹೋಗಿ ಇಳಕಲ್ಲ ಸೀರೆ ಬಿಚ್ಚಿ ಮಡಚಿದಳು. ಆ ಚಿಗರಿ ಮರಿಯಾಗಿದ್ದಾಗಿನಿಂದ ಕಂಡದ್ದು ಎಂಬತ್ತು ಕುರಿ ಮತ್ತು ಅವುಗಳ ನಡುವಿನ ಒಂದು ಕರಿ ಕಂಬಳಿಯನ್ನು. ಬೀರವ್ವ ಎಂಬ ಹೆಂಗಸನ್ನು ಅದು ನೋಡಿಯೇ ಇರಲಿಲ್ಲ!

ಕೊನೆಯ ದಿನ ನಸುಕಿನಲ್ಲಿ ಅವಳು ಹಳೆಯ ಸೀರೆಯ ಮೇಲೆ ಕಂಬಳಿ ಹೊದ್ದು ಮಂದೆಯ ಮುಂದೆ ನಿಂತಳು; ಹಿಂದೆ ಎಂದಿನಂತೆ ತುಕಾರಾಮ. ಇನ್ನೊಂದು ಕಂಬಳಿಯನ್ನು ಕೊಪ್ಪೆ ಮಾಡಿ ದತ್ತಾನ ತಲೆಗೆ ಹಾಕಿದಳು.

"ಬಗ್ಗಿ ನಡೀರಿ. ಕುರಿ ನಿಂತ್ರ ನಿಲ್ರಿ. ಅವು ದೂಡಿದ್ರ ಸಿಟ್ಟಿಗೇಳಬ್ಯಾಡ್ರಿ, ಅವಕ್ಕ ನೀವು ಹೊಸಬ್ರು."

ಕುರಿಗಳು ದೂಡಿದವು. ಒಂದು ಟಗರು ಕ್ಯಾಮೆರಾದ ಪಟ್ಟಿಯನ್ನು ರುಚಿ ನೋಡಿತು. ಹಾಗೇ ತಳ್ಳಿಸಿಕೊಳ್ಳುತ್ತ ದತ್ತಾ ಹಿಕ್ಕೆ ರಾಶಿಯ ಸಮೀಪ ಬಂದ. ಕರಿ ಚಿಗರಿ ಅಲ್ಲೇ ನಿಂತಿತ್ತು. ಮಂದೆಯನ್ನೊಮ್ಮೆ ನೋಡಿ ಮತ್ತೆ ಹುಲ್ಲಿಗೆ ಬಾಯಿ ಹಾಕಿತು.

ಆಗಲೇ ಹಿಂದಿನಿಂದ ನಾಲ್ಕು ಕುರಿಗಳು ಪಕ್ಕದ ಜೋಳದ ಹೊಲದತ್ತ ನುಗ್ಗಿದವು. ತುಕಾರಾಮನ ಕೂಗು ಊರಿಗೇ ಹೆಸರಾದದ್ದು. ಅವನು ಒಮ್ಮೆ ಹೋಯ್ ಎಂದರೆ ಸಾಕು, ಕುರಿ ತಿರುಗುತ್ತವೆ, ಚಿಗರಿ ಓಡುತ್ತದೆ, ನಾಳೆಯಿಂದ ಅವನು ಮುಂದೆ. ಯಾರೂ ತಪ್ಪೆನ್ನುವಂತಿಲ್ಲ.

ಬೀರವ್ವ ಮೆಲ್ಲನೆ ಹಿಂದೆ ನೋಡಿದಳು. ತುಕಾರಾಮ ಬಾಯಿ ತೆರೆದಿದ್ದ. ಆದರೆ ಕಣ್ಣು ಕೊಂಬಿನ ಮೇಲಿತ್ತು, ಬೆರಳು ಗಾಳಿಯಲ್ಲಿ ಸುತ್ತು ಎಣಿಸುತ್ತಿತ್ತು. ಒಂದು, ಎರಡು, ಮೂರು, ನಾಲ್ಕು. ತೆರೆದ ಬಾಯಿ ಹಾಗೇ ಮುಚ್ಚಿಕೊಂಡಿತು. ಹೆಗಲ ಮೇಲಿನ ಟವಲು ಬೀಸುತ್ತ, ತುಟಿ ಕಚ್ಚಿಕೊಂಡು ಅವನು ಸದ್ದಿಲ್ಲದೆ ಕುರಿಗಳ ಹಿಂದೆ ಓಡಿದ. ಕಲ್ಲಿಗೆ ಎಡವಿ ಬಿದ್ದ. ಬಿದ್ದಾಗಲೂ ಅಯ್ಯೋ ಎನ್ನಲಿಲ್ಲ. ಇತ್ತ ಕ್ಯಾಮೆರಾ ಟಿಕ್ ಟಿಕ್ ಎನ್ನುತ್ತಲೇ ಇತ್ತು.

ಮಾಳದಿಂದ ದೂರ ಬಂದಮೇಲೆ ದತ್ತಾ ಫೋಟೋ ತೋರಿಸಿದ. "ಇದರ ಕೆಳಗ ಜಾಗಾದ ಹೆಸರ ಏನಂತ ಬರೀಲಿ, ಅವ್ವಾ?"

"ಜತ್ತ ತಾಲೂಕ ಅಂತ ಬರೀರಿ. ತಾಲೂಕ ಭಾಳ ದೊಡ್ಡದೈತಿ, ಬಂದೂಕದಾವ್ರು ಹುಡಕ್ಯಾಡ್ಲಿ."

ತುಕಾರಾಮ ಮೊಣಕೈಯ ಮಣ್ಣು ಒರೆಸಿಕೊಂಡು, ಯಾರೂ ಹೇಳದೆಯೇ ಮಂದೆಯ ಹಿಂದಕ್ಕೆ ಹೋಗಿ ನಿಂತ.

"ಈಗ ಎತ್ತಾಗ, ವೈನಿ?"

"ಎತ್ತಾಗರ ಆಗ್ಲಿ, ಮೂಗಿಗೆ ಟವಲ್ ಕಟ್ಕೊಂಡ ಬಾ," ಎಂದು ಬೀರವ್ವ ಮುಂದೆ ನಡೆದಳು.