ಮೂರು ನಂಬರಿನ ಗುಮಾಸ್ತರು

ಮರಿಯ ಕಿವಿಯನ್ನು ಎರಡು ಬೆರಳಲ್ಲಿ ಹಿಡಿದು, ಕಣ್ಣು ಮುಚ್ಚಿ, ಓಲೆಯ ಮೇಲಿನ ನಂಬರನ್ನು ಹೆಬ್ಬೆರಳಿನಿಂದ ಸವರಿ ಓದುತ್ತಿದ್ದರು ನಮ್ಮ ಗುಮಾಸ್ತರು. ಕಣ್ಣಿಗೆ ಪೊರೆ ಬರುತ್ತಿತ್ತು. ಹೆಬ್ಬೆರಳು ಮಾತ್ರ ಚಮಚದಷ್ಟು ಅಗಲ, ತುದಿ ಸವೆದು ನುಣುಪು. ಓಲೆ ಅಂದರೆ ಕುರಿಯ ಕಿವಿಗೆ ಚುಚ್ಚುವ ಪ್ಲಾಸ್ಟಿಕ್ ಬಿಲ್ಲೆ. ಮಳವಳ್ಳಿಯ ನಮ್ಮ ಕುರಿ ಸಾಕುವವರ ಸಂಘದಲ್ಲಿ ಅದಕ್ಕೆ ಬೇರೆ ಹೆಸರೇ ಇರಲಿಲ್ಲ.

ಸಂಘದ ಕೆಲಸ ಒಂದೇ: ನಮ್ಮ ಕಡೆಯ ಗಿಡ್ಡ ಕಾಲಿನ ಬಂಡೂರು ಕುರಿಯ ತಳಿ ಕೆಡದಂತೆ, ಯಾವ ಟಗರೂ ತನ್ನ ಮಕ್ಕಳೇ ಇರುವ ಮಂದೆಗೆ ಹೋಗದಂತೆ ಕಾಯುವುದು. ಯಾವುದು ಯಾವುದರ ಮರಿ ಎಂಬ ದಾಖಲೆಯನ್ನು ಕಂಪ್ಯೂಟರಿಗೆ ಏರಿಸಲು ನನ್ನನ್ನು ತೆಗೆದುಕೊಂಡರು.

ನಾನು ಹನಕೆರೆಯವಳು. ಆಲೆಮನೆಯ ಕೊಪ್ಪರಿಗೆ ಮುಂದೆ ಬೆಂದು ಅಪ್ಪ ನನ್ನನ್ನು ಓದಿಸಿದ. ನಮ್ಮ ವಂಶದಲ್ಲಿ ಡಿಗ್ರಿ ಮಾಡಿದ ಮೊದಲನೆಯವಳು ನಾನು. ಅದನ್ನು ಕೇಳದವರಿಗೂ ಹೇಳುತ್ತಿದ್ದೆ. ಮೊದಲ ದಿನವೇ ಗುಮಾಸ್ತರು ಫ್ಯಾನಿನ ಕೆಳಗಿನ ತಮ್ಮ ಕುರ್ಚಿ ಬಿಟ್ಟುಕೊಟ್ಟು, "ಕುಂತ್ಕೊ ಮಗ, ಮಿಸೀನಿಗೂ ಸೆಕೆ ಆಯ್ತದೆ, ನಿಂಗೂ ಆಯ್ತದೆ" ಅಂದರು. ಜನರ ಬಾಯಿಂದ ನಿಜ ಹೊರಡಿಸುವುದನ್ನು ಕಲಿಸಿದವರೂ ಅವರೇ. "ಯಾವ್ ಟಗರು ಅಂತ ಕೇಳ್ಬೇಡ, ಸುಳ್ ಯೋಳ್ತಾರೆ. ಯಾರ ಟಗರು ನಿಮ್ಮನೇಲಿ ಎಷ್ಟ್ ದಿವ್ಸ ಮೇಯ್ತು ಅಂತ ಕೇಳು."

ಕಾಲೇಜಿನಲ್ಲಿ ನನ್ನ ಪ್ರಾಜೆಕ್ಟು ಎಕ್ಸ್‌ಎಂಎಲ್ ಮೇಲಿತ್ತು. ಡಬ್ಬಿಯೊಳಗೆ ಡಬ್ಬಿ ಇಟ್ಟಂತೆ ಮಾಹಿತಿ ಬರೆಯುವ ಕ್ರಮ ಅದು. ಅಜ್ಜಿಯೊಳಗೆ ತಾಯಿ, ತಾಯಿಯೊಳಗೆ ಮರಿ. ವಂಶಾವಳಿಗೆ ಹೇಳಿ ಮಾಡಿಸಿದ್ದು ಅನ್ನಿಸಿತು. ಅದಕ್ಕೆಂದೇ ಇರುವ ಡೇಟಾಬೇಸ್ ಕೊಳ್ಳಲು ಸಮಿತಿಯನ್ನು ಒಪ್ಪಿಸಿದೆ. ವರ್ಷ ವರ್ಷ ಲೈಸನ್ಸಿಗೆ ದುಡ್ಡು ಕಟ್ಟಬೇಕಿತ್ತು.

ಗುಮಾಸ್ತರು ಪರದೆಗೆ ಮುಖ ಒತ್ತಿ ನೋಡಿದರು. "ಅವ್ವನ್ ಒಟ್ಟೇಲಿ ಮರಿ ಅದೆ, ಸರಿ. ಅಪ್ಪ ಎಲ್ಲವ್ನೆ?"

"ಅದನ್ನ ಪ್ರತಿ ಮರಿ ಡಬ್ಬೀಲೂ ಬರೀತೀನಿ."

"ಇದ್ರಪ್ಪ ಟಗರು ಅನ್ನೆರಡು ಮನೆ ಅಳಿಯ ಕಣ್ ಮಗ! ಎಷ್ಟ್ ಡಬ್ಬೀಲಿ ಕೂರುಸ್ತೀಯಾ? ಒಂದ್ ಸಾಲು, ಮೂರ್ ನಂಬರು. ಮರೀದು, ಅವ್ವುಂದು, ಅಪ್ಪುಂದು. ಸಾಕಲ್ವಾ?"

"ನಿಮಗೆ ಇದೆಲ್ಲ ಗೊತ್ತಾಗಲ್ಲ ಬಿಡಿ" ಅಂದೆ. ಅವರು ನಕ್ಕರು.

ಅದೇ ವರ್ಷ ಆ ಅಳಿಯ ಟಗರಿನ ಓಲೆ ಮುಳ್ಳುಬೇಲಿಗೆ ಸಿಕ್ಕಿ ಕಿವಿ ಹರಿದು ಹೋಯಿತು. ಹೊಸ ನಂಬರಿನ ಓಲೆ ಹಾಕಿದೆವು. ನಾನು ಕೆಲವು ಡಬ್ಬಿಗಳಲ್ಲಿ ನಂಬರು ತಿದ್ದಿ, ಕೆಲವನ್ನು ಮರೆತೆ. ಮದ್ದೂರು ಕಡೆಯ ಒಂದು ಮಂದೆಗೆ ಈ ಟಗರು ಕಳಿಸಬಹುದು ಎಂದು ಕಂಪ್ಯೂಟರ್ ಹೇಳಿತು. ಟೆಂಪೋಗೆ ಹತ್ತಿಸಿಯೂ ಆಗಿತ್ತು. ಗುಮಾಸ್ತರು ಹರಿದ ಕಿವಿ ಸವರಿದವರೇ, "ಇಳುಸ್ಲಾ ಅದ್ನ! ಅಲ್ಲಿರೋವೆಲ್ಲ ಇದ್ರ ಮಕ್ಕಳೇ ಕಣ್ಲಾ!" ಎಂದು ಡ್ರೈವರನಿಗೆ ಕೂಗಿದರು. ತಪ್ಪು ನನ್ನದೆಂದು ಯಾರಿಗೂ ಹೇಳಲಿಲ್ಲ.

ಆಮೇಲೆ ಗುಟ್ಟಾಗಿ, ಪುಕ್ಕಟೆ ಸಿಗುವ ತಂತ್ರಾಂಶದಲ್ಲಿ ಅವರು ಹೇಳಿದ ಹಾಗೆಯೇ ಮೂರು ನಂಬರಿನ ಕೋಷ್ಟಕ ಮಾಡಿ ನೋಡಿದೆ. ಎರಡು ದಿನದ ಕೆಲಸ. ಎಲ್ಲವೂ ಅದರಲ್ಲಿ ಹಿಡಿಯಿತು. ಅದನ್ನು ಮುಚ್ಚಿಟ್ಟೆ. ಇದೇ ಬೇಕು ಎಂದು ಸಮಿತಿಯ ಮುಂದೆ ಎದೆ ಸೆಟೆಸಿ ಹೇಳಿದವಳು, ಬೇಡ ಅನ್ನುವುದು ಹೇಗೆ?

ಎರಡನೇ ವರ್ಷದ ಲೈಸನ್ಸಿಗೆ ಸಂಘದಲ್ಲಿ ದುಡ್ಡು ಸಾಲಲಿಲ್ಲ. ಸಭೆಯಲ್ಲಿ ಅಧ್ಯಕ್ಷರು ನನ್ನನ್ನೇ ಕೇಳಿದರು: "ಏನವ್ವಾ, ಬಿಟ್ಟಿ ಸಿಗೋದ್ರಲ್ಲಿ ಆಗಕಿಲ್ವಾ?"

"ಆಗಲ್ಲ ಸಾರ್" ಅಂದೆ.

"ಅಂಗಾರೆ ಕಂಪ್ಯೂಟರ್ ಬಂದ್ಮೇಲೆ ಗುಮಾಸ್ತರ ಸಂಬ್ಳ ಯಾಕೆ?" ಎಂದರು ಯಾರೋ. ಎಲ್ಲರೂ ನನ್ನ ಕಡೆ ನೋಡಿದರು. ನಾನು ಮೇಜು ನೋಡಿದೆ.

ಸಭೆಯ ನಡಾವಳಿ ಬರೆಯುತ್ತಿದ್ದವರು ಗುಮಾಸ್ತರೇ. ತಮ್ಮನ್ನು ಕೆಲಸದಿಂದ ತೆಗೆದ ನಿರ್ಣಯವನ್ನೂ ಕಾಗದಕ್ಕೆ ಮುಖ ಒತ್ತಿ, ದುಂಡಗೆ ಬರೆದರು. ಎದ್ದು, "ಬೀರು ಕೀ ತಗಳಿ ಮೇಡಂ" ಅಂದರು. ಅದುವರೆಗೆ ನನ್ನನ್ನು ಮಗ ಅನ್ನದೆ ಕರೆದವರಲ್ಲ.

ಮೂರನೇ ವರ್ಷ ಲೈಸನ್ಸಿನ ದರ ಇನ್ನೂ ಏರಿತು. ಆಗ ಕೋಷ್ಟಕವನ್ನು ಹೊರತೆಗೆದೆ. "ನೋಡ್ರಪ್ಪ, ಓದಿದ್ ತಲೆ ಅಂದ್ರೆ ಇದು!" ಅಂದರು ಅಧ್ಯಕ್ಷರು. ಗುಮಾಸ್ತರನ್ನು ವಾಪಸ್ಸು ಕರೆಸಿ ಎಂದು ನಾನು ಕೇಳಲಿಲ್ಲ. ಅವರು ಬಂದರೆ ಅದು ಯಾರ ತಲೆಯದ್ದೆಂದು ತಿಳಿಯುತ್ತಿತ್ತು.

ಈ ವರ್ಷ ಅವರು ತೀರಿಕೊಂಡರು. ತಿಥಿಗೆ ಬ್ಲಫ್ ಎಂಬ ಊರಿನ ಹತ್ತಿರದ ಅವರ ಮನೆಗೆ ಹೋದೆ. ಅವರ ಮಗಳು ಬಂದು ನನ್ನ ಪಕ್ಕ ಕೂತಳು.

"ಕಂಪ್ಯೂಟ್ರುನೋರು ನೀವೇನಾ ಅಕ್ಕ? ಅಪ್ಪ ನಿಮ್ಮನ್ನ ಭಾಳ ನೆನುಸ್ಕತಿತ್ತು. ಓದಿದ್ ಎಣ್ಮಗ ಬಂದದೆ, ಇನ್ ನಂಗೇನ್ ಕೆಲ್ಸ ಅಲ್ಲಿ, ನಾನೇ ಬುಟ್ ಬಂದೆ ಅಂತಿತ್ತು." ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು. "ನಿಜ್ವಾ ಅಕ್ಕ? ಅಷ್ಟ್ ಸುಲಭಕ್ಕೆ ಕೆಲ್ಸ ಬುಡೋ ಆಸಾಮಿ ಅಲ್ಲ ನಮ್ಮಪ್ಪ."

"ಹೂಂ. ಅವರೇ ಬಿಟ್ಟರು" ಅಂದೆ.

"ಎಲೆ ಆಕವ್ರೆ, ಬನ್ನಿ" ಎಂದು ಕೈಹಿಡಿದು ಕರೆದಳು. ಹೋಗಿ ಕೂತು ಉಂಡೆ.