ಬೆಲ್ಟಿನ ಪಕ್ಕದ ಸ್ಟೂಲು

ಕಲ್ಯಾಣದುರ್ಗದ ತರಬೇತಿಗೆ ನಾನು ಹಾಕಿಕೊಂಡ ಮೊದಲ ಚಟುವಟಿಕೆ ಒಬ್ಬ ಮನುಷ್ಯನಿಗಾಗಿಯೇ ಇತ್ತು. ಮಗ್ಗದ ಕೆಲಸಕ್ಕೆ ಹೊಸದಾಗಿ ಸೇರುವ ಹೆಂಗಸರೂ ಅದರಿಂದ ಕಲಿತರು, ಅದು ಬೇರೆ ಮಾತು.

ಆತ ನನ್ನ ಹಿರಿಯ ತರಬೇತುದಾರ. "ದೊಡ್ಡವರು ಕೇಳಿ ಕಲಿಯಲ್ಲ, ಮಾಡಿ ಕಲೀತಾರೆ" ಎನ್ನುವುದು ಆತನ ಮಂತ್ರ. ಹಿಂದೂಪುರದ ಶೆಡ್ಡಿನಲ್ಲಿ ನೂಲು ಸುತ್ತುವ ಯಂತ್ರ ಎಲ್ಲರಿಗೂ ಚೆನ್ನಾಗಿ ಕಾಣಲಿ ಎಂದು ಬೆಲ್ಟಿನ ಮೇಲಿನ ಜಾಲರಿ ಬಿಚ್ಚಿಸಿದವನು ಆತನೇ. ಯಂತ್ರ ಓಡುತ್ತಲೇ ಇತ್ತು. ಹರಿದ ನೂಲಿಗೆ ಗಂಟು ಹಾಕಿ ತೋರಿಸಲು ಬಗ್ಗಿದ ಹೆಂಗಸಿನ ಸೆರಗು ಬೆಲ್ಟಿಗೆ ಸಿಕ್ಕಿತು. ನಾನು ಚಾರ್ಟ್ ಹಿಡಿದು ಎದುರಿಗೇ ನಿಂತಿದ್ದೆ. ಸೀರೆ ಕುತ್ತಿಗೆಗೆ ಬಿಗಿದು ಅವಳ ಮುಖ ಚಕ್ರದ ಕಡೆಗೆ ಜಾರುತ್ತಿತ್ತು. "ಆಪಂಡಿ! ನಿಲ್ಸ್ರೀ!" ಎಂದು ಶೆಡ್ಡೇ ಕಿರುಚಿತು. ಯಾರೋ ಸ್ವಿಚ್ ಆರಿಸಿದರು, ಯಾರೋ ಸೆರಗು ಕತ್ತರಿಸಿದರು. ಈಗಲೂ ಪಕ್ಕದ ಮನೆಯಲ್ಲಿ ಮಿಕ್ಸಿ ಶುರುವಾದರೆ ನನ್ನ ಕೈ ಗೋಡೆಯ ಮೇಲೆ ಸ್ವಿಚ್ ಹುಡುಕುತ್ತದೆ.

ಅವಳು ಬದುಕಿದಳು. ಆತ ಮಾತ್ರ ಮಾಲೀಕನ ಮುಂದೆ, "ಆಯಮ್ಮ ಹುಷಾರಾಗಿರ್ಲಿಲ್ಲ ಸಾ, ತಾನೇ ಸಿಕ್ಕಿಸ್ಕಂಡ್ಬುಟ್ಲು" ಎಂದ. ನಾನು ಕಂಡದ್ದನ್ನು ಹೇಳಲು ಹೋದರೆ, "ನೀನು ಹೊಸಬಳು ಕಣಮ್ಮ" ಎಂದು ಬಾಯಿ ಮುಚ್ಚಿಸಿದ. ಆಮೇಲೆ ಯಾವ ಶೆಡ್ಡಿನವರೂ ಅವಳನ್ನು ಕೆಲಸಕ್ಕೆ ಕರೆಯಲಿಲ್ಲ.

ಕಲ್ಯಾಣದುರ್ಗದ ತರಬೇತಿ ನನ್ನ ಕೈಗೆ ಬಂತು. ಅವಳನ್ನು ಜೊತೆಗಾರ್ತಿಯಾಗಿ ಕರೆದುಕೊಂಡು ಹೋದೆ. ಉದ್ಘಾಟನೆಗೆ ಆತ ಬಂದ. ಅಲ್ಲಿ ಹೊಸ ಶೆಡ್ಡು ಹಾಕುತ್ತಿದ್ದ ಹಿಂದೂಪುರದ ಮಾಲೀಕನೂ ಆಳು ನೋಡಲು ಬಂದ. ಯಂತ್ರದ ಜಾಲರಿ ಬಿಚ್ಚಿ ಪಕ್ಕದಲ್ಲೊಂದು ಸ್ಟೂಲು ಇಟ್ಟಿದ್ದೆ. ಫ್ಯೂಸ್ ಕಿತ್ತು ನನ್ನ ಚೀಲದಲ್ಲಿ ಹಾಕಿಕೊಂಡಿದ್ದೆ. ಅದು ನನಗೂ ಅವಳಿಗೂ ಮಾತ್ರ ಗೊತ್ತು.

"ಬನ್ನಿ ಸಾ, ಕುಂತ್ಕಳಿ. ಮಾಡಿ ತಾನೇ ಕಲೀಬೇಕು?" ಎಂದು ಅವಳು ಆತನ ಕೊರಳಿಗೆ ಹಳೆಯ ಸೀರೆ ಸುತ್ತಿದಳು.

"ಮದ್ವೆ ಗಂಡು ಕಣ್ರೇ!" ಎಂದು ಒಬ್ಬಳು ಕೂಗಿದಳು. ಆತನೂ ನಕ್ಕ.

ಅವಳು ಆ ಸೀರೆಯ ಸೆರಗಿನ ತುದಿಯನ್ನು ಬೆಲ್ಟಿನ ಮೇಲಿಟ್ಟು ಸ್ವಿಚ್ಚಿಗೆ ಕೈ ಹಾಕಿದಳು.

"ಏಯ್, ಆಪು! ಮೊದ್ಲು ಜಾಲರಿ ಹಾಕು!"

"ಯಾಕ್ ಸಾ? ಹುಷಾರಾಗಿದ್ರೆ ಸಾಲ್ದಾ?"

"ಎಷ್ಟು ಹುಷಾರಾಗಿದ್ರೂ ಎಳ್ಕಂಡ್ಬುಡ್ತದೆ ಕಣಮ್ಮ!"

"ಹಂಗಾರೆ ಅವತ್ತು ತೆಗ್ಸಿದ್ದು ಯಾರು?"

ನಗು ನಿಂತಿತು. ಮಾಲೀಕ ತಲೆ ಎತ್ತಿದ. ಸ್ಟೂಲಿನ ಮೇಲಿದ್ದವನ ಕಣ್ಣು ಸ್ವಿಚ್ಚಿನ ಮೇಲಿದ್ದ ಅವಳ ಬೆರಳು ಬಿಟ್ಟು ಕದಲಲಿಲ್ಲ.

"ನಾನೇ."

"ಹಿಂದಿನ ಸಾಲಿಗೆ ಕೇಳಿಸ್ಲಿಲ್ಲ ಸಾರ್," ಎಂದೆ ನಾನು.

ಗಟ್ಟಿಯಾಗಿ ಹೇಳಿದ. ಸೀರೆ ಬಿಚ್ಚಲು ಕೈ ಎತ್ತಿದವನಿಗೆ, "ಚಟುವಟಿಕೆ ಇನ್ನೂ ಮುಗಿದಿಲ್ಲ" ಎಂದು ಹೇಳಿ, ಸೆರಗು ಹೇಗೆ ಸಿಕ್ಕುತ್ತದೆ ಎನ್ನುವುದನ್ನು ಹೆಂಗಸರಿಗೆ ನಿಧಾನವಾಗಿ, ಬೇಕೆಂದೇ ನಿಧಾನವಾಗಿ ವಿವರಿಸಿದೆ.

ಊಟದ ಹೊತ್ತಿಗೆ ಮಾಲೀಕ ಅವಳ ಹತ್ತಿರ ಬಂದ. "ಹೊಸ ಶೆಡ್ಡಿಗೆ ಬತ್ತೀಯೇನಮ್ಮ?"

"ಜಾಲರಿ ಹಾಕ್ಸಿ ಹೇಳ್ಕಳ್ಸಿ. ನೋಡಿ ಬತ್ತೀನಿ."

ಫ್ಯೂಸನ್ನು ಹೆಂಗಸರಿಗೆಲ್ಲ ತೋರಿಸಿದೆ. ಆತನಿಗೆ ಇಂದಿಗೂ ತೋರಿಸಿಲ್ಲ.