ತೂತಿನ ತಟ್ಟೆ ಹೊತ್ತು ಬ್ರಹ್ಮಾವರಕ್ಕೆ

ಬೆಳಿಗ್ಗೆ ಎಂದಿನಂತೆ ನೀರ್‌ದೋಸೆ ಹೊಯ್ದು, ಇವರ ಬುತ್ತಿ ಕಟ್ಟಿ, ತುಳಸಿಗೆ ನೀರು ಹಾಕುವಷ್ಟರಲ್ಲಿ ಪಕ್ಕದ ಮನೆಯ ಸಿಂಗಾರಕ್ಕ ಬಂದರು. ಬಲೆ ಕಟ್ಟುವುದರಲ್ಲಿ ಅವರದು ಪಳಗಿದ ಕೈ. ಮನೆಮನೆಗೆ ಟಿವಿಯ ಸಣ್ಣ ಡಿಶ್ ತಟ್ಟೆ ಬಂದ ಮೇಲೆ ಕೇಬಲ್‌ನವರು ಬಿಸಾಡಿದ ದೊಡ್ಡ ಜಾಲರಿ ಅಂಟೆನಾವನ್ನು ನಾನು ಎತ್ತಿಟ್ಟುಕೊಂಡಿದ್ದೆ. ಹೂವಿನಂತೆ ಬಿಡಿಬಿಡಿಯಾಗಿ ಕಳಚಿ ಜೋಡಿಸುವ ಅದರ ಎಸಳುಗಳಲ್ಲಿ ಒಂದು ಹರಿದಿತ್ತು. ನಾನು ಕೇಳದಿದ್ದರೂ ರಾತ್ರಿ ಅದನ್ನು ಒಯ್ದು, ಸಿಗಡಿ ಬಲೆಯ ಹಸಿರು ನೈಲಾನ್ ಹಾಕಿ ತೇಪೆ ಕಟ್ಟಿ ತಂದಿದ್ದರು.

"ಹ್ಯಾಂಗಿತ್ತ್ ಕಾಣ್!"

ಚಂದವಿತ್ತು. ಆದರೆ ನೈಲಾನು ರೇಡಿಯೋ ಅಲೆಯನ್ನು ತಡೆಯುವುದಿಲ್ಲ, ಲೋಹವೇ ಬೇಕು. ಅದನ್ನು ಹೇಳದೆ ಎಸಳನ್ನು ಉಳಿದವುಗಳ ಜೊತೆ ಕಟ್ಟಿಕೊಂಡೆ.

ಬ್ರಹ್ಮಾವರದ ವಿಜ್ಞಾನ ಪ್ರದರ್ಶನದಲ್ಲಿ ಈ ತಟ್ಟೆಯಿಂದ ಸೂರ್ಯನ ರೇಡಿಯೋ ಅಲೆ ಹಿಡಿದು ಮೀಟರಿನಲ್ಲಿ ತೋರಿಸುತ್ತೇನೆಂದು ಹೆಸರು ಕೊಟ್ಟಿದ್ದೆ. ನಮ್ಮೂರು ಬಿಜೂರಿನಲ್ಲಿ ಬಸ್ಸು ನಿಂತಾಗ ಕಂಡಕ್ಟರ್ ಇಣುಕಿದ. "ಹ್ವಾಯ್ ಅಕ್ಕ, ಎಂತ ಇದ್, ಕೊಡೆಯಾ?" ಎಸಳುಗಳು ಬಸ್ಸಿನ ಟಾಪ್ ಏರಿದವು. ಮರವಂತೆಯಲ್ಲಿ ಕಡಲ ಗಾಳಿಗೆ ಬಸ್ಸೇ ವಾಲಿದಂತಾಯಿತು. ಎಸಳುಗಳು ಮಾತ್ರ ಗಾಳಿಯನ್ನು ಸೋಸಿಕೊಂಡು ಸುಮ್ಮನೆ ಬಂದವು.

ಕುಂದಾಪುರದಲ್ಲಿ ಇಳಿದು ಬರಿಯ ತಾಮ್ರದ ತಂತಿ ಕೊಂಡೆ. ಬ್ರಹ್ಮಾವರದ ಬಸ್ಸಿಗೆ ಕಾಯುತ್ತ ಎಸಳನ್ನು ತೊಡೆಯ ಮೇಲಿಟ್ಟು, ಸಿಂಗಾರಕ್ಕನ ಗಂಟಿನಿಂದ ಗಂಟಿಗೆ ತಂತಿ ಹೆಣೆದೆ. ಬಲೆಯ ಕಣ್ಣುಗಳು ಅಷ್ಟು ಸಮನಾಗಿದ್ದವು, ಎಲ್ಲಿಯೂ ಕೈ ತಪ್ಪಲಿಲ್ಲ.

ಪ್ರದರ್ಶನದ ಅಂಗಳದಲ್ಲಿ ಮೇಲ್ವಿಚಾರಣೆಗಿದ್ದ ಉಪನ್ಯಾಸಕರು ತೇಪೆ ನೋಡಿ ನಕ್ಕರು. "ಅಮ್ಮಾ, ಇದು ತೂತಿನ ತಟ್ಟೆ. ಒಳಗೆ ಮೇಜಿನ ಮೇಲಿಡಿ, ಮಾದರಿ ಅಂತ ತೋರಿಸಿ. ಅಂಗಳಕ್ಕೆ ತಗಡಿನ ತಟ್ಟೆ ಬೇರೆ ಉಂಟಲ್ಲ."

ಒಳಗೆ ಸೂರ್ಯ ಎಲ್ಲಿದ್ದಾನೆ?

"ನಾನು ಹಿಡಿಯುವ ಅಲೆ ನಾಲ್ಕು ಬೆರಳಗಲದಷ್ಟು ಉದ್ದ ಸಾರ್. ಪೆನ್ಸಿಲ್ ತೂರುವ ತೂತಿನಲ್ಲಿ ಅದು ಸೋರುವುದಿಲ್ಲ."

"ಇನ್ನೂ ಸಣ್ಣ ಅಲೆ ಸೋರುತ್ತದಲ್ಲ?"

"ಸೋರಲಿ. ಅದನ್ನು ಹಿಡಿಯಲು ನಾನು ಬಂದಿಲ್ಲ. ತಗಡು ಹಾಕಿದರೆ ಭಾರ, ಭಾರಕ್ಕೆ ದಪ್ಪ ಕಂಬ, ಗಾಳಿಗೆ ಇನ್ನೂ ದಪ್ಪ ಕಂಬ. ದೊಡ್ಡ ದೂರದರ್ಶಕ ಕಟ್ಟುವವರೂ ಮೊದಲು ಕೇಳಿಕೊಳ್ಳುವುದು ಇದನ್ನೇ: ಬೇಕಾದ್ದು ಯಾವ ಅಲೆ? ಬೇಡದ್ದಕ್ಕೆ ಯಾಕೆ ಖರ್ಚು?"

ಚಿಕ್ಕಂದಿನಲ್ಲಿ ಕಾನ್ವೆಂಟಿನ ಸಿಸ್ಟರ್ ಕಲಿಸಿದ ಮೆಲುದನಿಯಲ್ಲೇ ಹೇಳಿದೆ. ಜಾಗ ಮಾತ್ರ ಬಿಡಲಿಲ್ಲ.

ಮಧ್ಯಾಹ್ನ ಕಡಲ ಕಡೆಯಿಂದ ಪಡುಗಾಳಿ ಎದ್ದಿತು. ಪಕ್ಕದ ತಗಡಿನ ತಟ್ಟೆಯ ಕಾಲನ್ನು ಇಬ್ಬರು ಒತ್ತಿ ಹಿಡಿದು ನಿಂತರು. ಎಸಳು ಜೋಡಿಸಿ ನಿಲ್ಲಿಸಿದ್ದ ನನ್ನದನ್ನು ನಾನೊಬ್ಬಳೇ ತಿರುಗಿಸಿದೆ. ಖಾಲಿ ಆಕಾಶದತ್ತ ಮುಖ ಮಾಡಿದಾಗ ಮೀಟರಿನ ಮುಳ್ಳು ಕೆಳಗೆ ಮಲಗಿತ್ತು. ಸೂರ್ಯನತ್ತ ಹೊರಳಿಸಿದೆ. ಮುಳ್ಳು ನಡುಗಿ, ಎದ್ದು ನಿಂತಿತು. ಉಪನ್ಯಾಸಕರು ತಟ್ಟೆಯ ಮುಂದೆ ಕೈ ಅಡ್ಡ ಹಿಡಿದು ನೋಡಿದರು, ಕೈ ತೆಗೆದು ನೋಡಿದರು. "ಮತ್ತೊಮ್ಮೆ ತಿರುಗಿಸಿ" ಎಂದರು. ತಿರುಗಿಸಿದೆ. ಮತ್ತೆ ಎದ್ದಿತು. ಒಳಗಿಡುವ ಮಾತು ಆಮೇಲೆ ಬರಲಿಲ್ಲ.

ಸಂಜೆ ಮನೆಗೆ ಮರಳಿ ಅಂಗಳದಲ್ಲಿ ಎಸಳುಗಳ ಕಟ್ಟು ಬಿಚ್ಚುತ್ತಿದ್ದಾಗ ಸಿಂಗಾರಕ್ಕ ಮೀನು ತೊಳೆದ ನೀರು ಚೆಲ್ಲಲು ಹೊರಬಂದು, ತಮ್ಮ ತೇಪೆಯನ್ನೇ ನೋಡುತ್ತ ನಿಂತರು.

"ಇದ್ಕೆ ತಂತಿ ಎಂತಕ್ ಸುತ್ತಿದೆ ಮಾರಾಯ್ತಿ? ನಾನ್ ಹಾಕಿದ್ ಗಂಟ್ ಯಾವ ಗಾಳಿಗೂ ಬಿಚ್ಚುದಿಲ್ಲೆ."